ಮೂರೂ ಕಡೆ ಕೆಳಗಿಳಿದ ಗೆರೆ

ಇಂಥ ಬರಹಗಳನ್ನು ಓದಿ ನಗುವವರಲ್ಲಿ ನಾನೂ ಒಬ್ಬಳು. ತೀರಿಹೋದ ಅತ್ತೆ ಕನಸಿನಲ್ಲಿ ಬಂದು ಎಚ್ಚರಿಸಿದರು, ಮರುದಿನ ಹಾಗೆಯೇ ಆಯಿತು ಎಂದು ಯಾರಾದರೂ ಬರೆದರೆ, ಅತ್ತೆ ಬಂದು ಹೇಳಿಯೂ ಏನೂ ಆಗದ ಕನಸುಗಳನ್ನು ಯಾಕೆ ಬರೆಯಲಿಲ್ಲ ಎಂದು ಕೇಳುವುದು ನನ್ನ ಚಾಳಿ. ಮದುವೆಮನೆಗಳಲ್ಲಿ ಇಂಥ ಮಾತು ಎದ್ದಾಗ ನಾನು ಬಾಯಿ ಹಾಕಿ ಎಷ್ಟೋ ಜನರ ಉತ್ಸಾಹಕ್ಕೆ ತಣ್ಣೀರೆರಚಿದ್ದೇನೆ. ‘ಇವಳೆದುರು ಏನೂ ಹೇಳುವ ಹಾಗಿಲ್ಲ’ ಎಂದು ನಂಟರು ಗೊಣಗುತ್ತಿದ್ದರು. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ವಿಚಿತ್ರ ಅನುಭವವೆಂದರೆ ರಾತ್ರಿಯಾಗಿರಬೇಕು, ಕರೆಂಟು ಹೋಗಿರಬೇಕು, ದೂರದಲ್ಲೆಲ್ಲೋ ನಾಯಿ ಊಳಿಡಬೇಕು. ನನ್ನದರಲ್ಲಿ ಅಂಥದ್ದೇನೂ ಇಲ್ಲ. ಅದು ನಡೆದದ್ದು ಕೆಲವು ವರ್ಷಗಳ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ, ನವಿ ಮುಂಬಯಿಯ ಬೇಲಾಪುರದಲ್ಲಿರುವ ನಮ್ಮ ಆಫೀಸಿನಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ನನ್ನ ಪಕ್ಕದಲ್ಲಿ ಅರ್ಧ ಕುಡಿದ ಚಹಾ ಇತ್ತು.

ನನ್ನ ಕೆಲಸ ಭೂಕಂಪನದ ದಾಖಲೆಗಳನ್ನು ಓದುವುದು. ಜಲಾಶಯಗಳ ಸುತ್ತಮುತ್ತ ಆಗುವ ಸಣ್ಣ ಸಣ್ಣ ಕಂಪನಗಳನ್ನು ಗಮನಿಸುವ ಗುತ್ತಿಗೆ ನಮ್ಮ ಆಫೀಸಿನದು. ಅದಕ್ಕಾಗಿ ಅಲ್ಲಲ್ಲಿ ಯಂತ್ರಗಳನ್ನು ನೆಟ್ಟಿದ್ದೇವೆ. ಈ ಕತೆಗೆ ಬೇಕಾದವು ಮೂರೇ: ಥಾಣೆಯ ಯೇವೂರ್ ಗುಡ್ಡದ ಬುಡದಲ್ಲಿ ಒಂದು, ಖಾರ್‌ಘರ್ ಗುಡ್ಡದ ಹತ್ತಿರ ಒಂದು, ಕಲ್ಯಾಣ ದಾಟಿ ಟಿಟ್ವಾಳಾದ ಆಚೆಗೆ ಒಂದು. ಯಂತ್ರವೆಂದರೆ ಹೆಚ್ಚೇನಲ್ಲ. ಒಂದು ಉಕ್ಕಿನ ಡಬ್ಬ, ಅದರೊಳಗೆ ಸ್ಪ್ರಿಂಗಿಗೆ ತೂಗುಬಿಟ್ಟ ಒಂದು ತೂಕ. ನೆಲ ಅಲುಗಿದರೆ ಡಬ್ಬ ಅಲುಗುತ್ತದೆ, ತೂಕ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಎರಡರ ನಡುವಿನ ಆ ವ್ಯತ್ಯಾಸವೇ ನಮ್ಮ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ.

ಓದುವ ಬಗೆಯೂ ಸುಲಭವೇ. ನೆಲದಡಿಯ ಬಂಡೆ ಒಂದು ಬಿರುಕಿನ ಎರಡೂ ಬದಿಯಿಂದ ವರ್ಷಗಟ್ಟಲೆ ಒತ್ತಿಕೊಂಡು, ಅಲ್ಲಾಡಲಾರದೆ ಕೂತಿರುತ್ತದೆ. ಒಂದು ದಿನ ತಡೆಯಲಾರದೆ ಜಾರುತ್ತದೆ. ಆ ಜಾರಿಕೆಯಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಒಂದು ಚುರುಕು, ಇನ್ನೊಂದು ನಿಧಾನ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಲೆಕ್ಕ ಹಾಕುತ್ತೇವಲ್ಲ, ಹಾಗೆಯೇ ಎರಡು ಅಲೆಗಳ ನಡುವಿನ ಅಂತರವನ್ನು ಎಣಿಸಬೇಕು. ಒಂದು ಸೆಕೆಂಡು ಅಂತರವಿದ್ದರೆ ಸುಮಾರು ಎಂಟು ಕಿಲೋಮೀಟರ್ ದೂರ. ಒಂದು ಯಂತ್ರ ದೂರವನ್ನಷ್ಟೇ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ಮೂರು ಯಂತ್ರಗಳ ಸುತ್ತ ಮೂರು ವೃತ್ತ ಎಳೆದರೆ ಅವು ಎಲ್ಲಿ ಕೂಡುತ್ತವೋ ಅಲ್ಲಿ ಕಂಪನ ಹುಟ್ಟಿತೆಂದು ಅರ್ಥ. ನಮ್ಮ ಕಡೆಯ ಸಣ್ಣ ಕಂಪನಗಳಿಗೆ ಎರಡು ಕಿಲೋಮೀಟರ್ ಆಚೀಚೆ ಆಗುವುದು ಸಾಮಾನ್ಯ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಅಲೆ ಬಂದಾಗ ಗೆರೆ ಮೊದಲು ಮೇಲಕ್ಕೆ ಏರಿತೋ ಕೆಳಕ್ಕೆ ಇಳಿಯಿತೋ ಎಂಬುದನ್ನು ನಾವು ತಪ್ಪದೆ ಗುರುತು ಹಾಕುತ್ತೇವೆ. ಭೂಕಂಪವಾದರೆ ಬಂಡೆ ಒಂದು ಕಡೆಗೆ ತಳ್ಳಿ ಇನ್ನೊಂದು ಕಡೆಯಿಂದ ಎಳೆದಿರುತ್ತದೆ, ಹಾಗಾಗಿ ಕೆಲವು ಯಂತ್ರಗಳಲ್ಲಿ ಮೇಲೆ, ಕೆಲವುಗಳಲ್ಲಿ ಕೆಳಗೆ. ಕಲ್ಲಿನ ಕ್ವಾರಿಯಲ್ಲಿ ಸಿಡಿಮದ್ದು ಸಿಡಿಸಿದರೆ ಅದು ಸುತ್ತಲೂ ಹೊರಕ್ಕೆ ತಳ್ಳುತ್ತದೆ, ಎಲ್ಲ ಯಂತ್ರಗಳಲ್ಲೂ ಮೇಲೆ. ಎಲ್ಲ ಕಡೆಯೂ ಕೆಳಗೆ ಬರುವುದು ಅಪರೂಪ. ಗಣಿಯೊಳಗಿನ ಟೊಳ್ಳು ಕುಸಿದಾಗ ಹಾಗಾಗುತ್ತದೆ. ನೆಲದ ಮೇಲೆ ಕೂತಿದ್ದ ದೊಡ್ಡ ಭಾರ ಒಮ್ಮೆಗೇ ಕಳಚಿಕೊಂಡಾಗಲೂ ಆಗಬಹುದು. ನಾನು ಓದುವಾಗ ಪಾಠದಲ್ಲಿ ಅದರ ಚಿತ್ರ ನೋಡಿದ್ದೆನೇ ಹೊರತು ಕೆಲಸದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಆ ಮಂಗಳವಾರ ಮೂರು ಗಂಟೆ ನಲವತ್ತೆರಡು ನಿಮಿಷ ಹದಿನೇಳು ಸೆಕೆಂಡಿಗೆ ಅದು ಕಂಡಿತು. ಯೇವೂರಿನಲ್ಲಿ ಕೆಳಗೆ, ಖಾರ್‌ಘರ್‌ನಲ್ಲಿ ಕೆಳಗೆ, ಟಿಟ್ವಾಳಾದಲ್ಲಿ ಕೆಳಗೆ. ಒಂದು ಸಣ್ಣ ಕಂಪನ, ನಾಲ್ಕು ಸೆಕೆಂಡು ಬಿಟ್ಟು ಅದರ ಹಿಂದೆಯೇ ಅಂಥದೇ ಇನ್ನೊಂದು. ಆಮೇಲೆ ಎಂದಿನ ಗದ್ದಲ. ಲೋಕಲ್ ಟ್ರೇನುಗಳು, ಹೆದ್ದಾರಿಯ ಟ್ರಕ್ಕುಗಳು, ಮಳೆ, ಎಲ್ಲವೂ ನಮ್ಮ ಗೆರೆಯಲ್ಲಿ ಸದಾ ಗಿಜಿಗುಡುತ್ತಿರುತ್ತವೆ. ವೃತ್ತ ಎಳೆದು ನೋಡಿದರೆ ಮೂರೂ ಡೊಂಬಿವಲಿ ಪೂರ್ವದಲ್ಲಿ ಕೂಡಿಕೊಂಡವು.

ನನ್ನ ಅಕ್ಕನ ಮನೆ ಅಲ್ಲಿತ್ತು.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಉಡುಪಿಯ ಹತ್ತಿರದ ನಮ್ಮ ಊರಿನಲ್ಲಿ ಪಿಯುಸಿ ಮುಗಿಸಿದ ನನ್ನನ್ನು, ಮುಂದೆ ಓದಿಸುವ ಶಕ್ತಿ ಅಪ್ಪನಿಗೆ ಇಲ್ಲವೆಂದು ತಿಳಿದು, ಕರಕೊಂಡು ಬಂದು ತನ್ನ ಮನೆಯಲ್ಲಿಟ್ಟುಕೊಂಡವಳು ಅವಳೇ. ಭಾವ ಥಾಣೆಯ ನೌಪಾಡಾದಲ್ಲಿ ನಮ್ಮೂರಿನವರದೇ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರಿಗೆ ಮಕ್ಕಳಾಗಲಿಲ್ಲ. ಆರು ವರ್ಷ ನಾನು ಅವರ ಹಾಲ್‌ನಲ್ಲಿ ಮಲಗಿ, ಅಕ್ಕ ಕಟ್ಟಿಕೊಟ್ಟ ಬುತ್ತಿ ತಿಂದು, ಎಂ.ಎಸ್‌ಸಿ. ಮುಗಿಸಿದೆ. ಕೆಲಸ ಸಿಕ್ಕ ಮೇಲೆ ಐರೋಲಿಯಲ್ಲಿ ಬೇರೆ ಮನೆ ಮಾಡಿದೆ. ಭೂಮಿಯೊಳಗೆ ಏನಾಗುತ್ತದೆಂದು ತಿಳಿದವಳು ತನ್ನ ತಂಗಿ ಎಂದು ಅವಳಿಗೆ ಬಲು ಹೆಮ್ಮೆ. ಬಿಲ್ಡಿಂಗಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಎಲ್ಲೋ ನೆಲ ನಡುಗಿದ ಸುದ್ದಿ ಟಿವಿಯಲ್ಲಿ ಬಂದರೆ ಅಲ್ಲಿನ ಹೆಂಗಸರು ನನಗೆ ಫೋನ್ ಮಾಡಿ ‘ಕಿತ್ನಾ ಆಯಾ?’ ಎಂದು ಕೇಳುತ್ತಿದ್ದರು, ಹಾಲು ಎಷ್ಟು ಲೀಟರ್ ಬಂತೆಂದು ಕೇಳುವಂತೆ.

ಸರಿ, ಆ ಗೆರೆ ನೋಡಿದವಳೇ ಅಕ್ಕನಿಗೆ ಫೋನ್ ಮಾಡಿದೆ. ಏನಾದರೂ ಅಲುಗಿದ ಹಾಗೆ ಆಯಿತೇ, ಹತ್ತಿರದಲ್ಲಿ ಏನಾದರೂ ಬಿದ್ದ ಸದ್ದಾಯಿತೇ ಎಂದು ಕೇಳಿದೆ.

“ಎಂತದೂ ಇಲ್ಲ ಮಾರಾಯ್ತಿ. ನಾನು ಬಟ್ಟೆ ಮಡಚ್ತಾ ಕೂತಿದ್ದೇನೆ. ನಿನ್ನ ಭೂಕಂಪ ನಿನ್ನ ಆಫೀಸಿನಲ್ಲೇ ಇಟ್ಟುಕೋ” ಎಂದು ನಕ್ಕಳು.

ನಮ್ಮ ಆಫೀಸಿನ ಹಿರಿಯರು ಕುಲಕರ್ಣಿ ಸರ್. ಮೂವತ್ತು ವರ್ಷ ಗೆರೆಗಳನ್ನೇ ನೋಡಿ ಕಣ್ಣು ಸವೆಸಿದವರು. ಅವರನ್ನು ಕರೆದು ತೋರಿಸಿದೆ. ಅವರು ನಿಂತಲ್ಲಿಂದಲೇ ನೋಡಿ, “ಅರೇ, ಬ್ಲಾಸ್ಟ್ ಹೈ. ಬಿ ಡಾಲ್ ದೇ” ಎಂದರು. ಸಿಡಿತವೆಂದು ಗುರುತಿಸಿದ ಕಂಪನಕ್ಕೆ ನಾವು ಪಟ್ಟಿಯಲ್ಲಿ ‘ಬಿ’ ಎಂಬ ಅಕ್ಷರ ಹಾಕುತ್ತೇವೆ. ಹಾಗೆ ಹಾಕಿದ್ದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಡೊಂಬಿವಲಿಯಿಂದ ಆಚೆಗೆ ಶೀಲ್‌ಫಾಟಾ ಕಡೆಗೆ ಕ್ವಾರಿಗಳಿವೆ, ಅವರು ಸಿಡಿಸುವುದು ಹೆಚ್ಚಾಗಿ ಮಧ್ಯಾಹ್ನ. ಮಧ್ಯಾಹ್ನ ಆ ದಿಕ್ಕಿನಿಂದ ಬಂದದ್ದಕ್ಕೆಲ್ಲ ‘ಬಿ’ ಹಾಕುವುದು ನಮ್ಮಲ್ಲಿ ಕೈಗೆ ಕೂತ ಅಭ್ಯಾಸ. ಎರಡು ಸಲ ಯಾಕೆ ಬಂತೆಂದರೆ ಎರಡು ಕಡೆ ಸಿಡಿಸಿರಬೇಕು. ಮೂರೂ ಕಡೆ ಕೆಳಗೆ ಯಾಕೆಂದು ಕೇಳಿದ್ದಕ್ಕೆ, ಮೊದಲಿನ ಸಣ್ಣ ಏರು ಟ್ರೇನಿನ ಗದ್ದಲದಲ್ಲಿ ಮುಚ್ಚಿಹೋಗಿರುತ್ತದೆ, ನಿನಗೆ ಕಾಣುತ್ತಿರುವುದು ಎರಡನೆಯದು ಎಂದರು. ತಪ್ಪು ಮಾತಲ್ಲ ಅದು. ಎಷ್ಟೋ ಸಲ ಹಾಗಾಗುತ್ತದೆ. ಮಳೆಗಾಲದಲ್ಲಿ ಕ್ವಾರಿ ಕೆಲಸ ಹೆಚ್ಚುಕಡಿಮೆ ನಿಂತಿರುತ್ತದೆ ಎಂಬುದು ನನಗೂ ಹೊಳೆಯಿತು, ಅವರಿಗೂ ಹೊಳೆದಿರಬೇಕು. ಇಬ್ಬರೂ ಆಡಲಿಲ್ಲ. ನಾನು ‘ಬಿ’ ಹಾಕಿದೆ.

ಆದರೂ ಭಾನುವಾರ ಡೊಂಬಿವಲಿಗೆ ಹೋದೆ. ಅಕ್ಕನನ್ನು ನೋಡಿ ತಿಂಗಳಾಗಿತ್ತು, ಅದಕ್ಕೆ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳ ಬಿಲ್ಡಿಂಗು ನಾಲ್ಕು ಮಾಳಿಗೆಯದು, ಕೆಳಗೆ ಅಂಗಡಿಗಳು. ಅವಳ ಮನೆ ಎರಡನೇ ಮಾಳಿಗೆಯ ಹಿಂಭಾಗದಲ್ಲಿ. ಕಟ್ಟಡ ಹಳೆಯದು, ಕಾಗದಪತ್ರ ಅಷ್ಟಕ್ಕಷ್ಟೆ. ಇಂಥ ಬಿಲ್ಡಿಂಗಿನವರಿಗೆ ಕಟ್ಟಡ ಬೀಳುವುದಕ್ಕಿಂತ ಹೆಚ್ಚು ಭಯ ನೋಟೀಸಿನದು. ಒಮ್ಮೆ ಮುನಿಸಿಪಾಲಿಟಿಯವರು ‘ಅಪಾಯಕಾರಿ’ ಎಂದು ಬರೆದು ಅಂಟಿಸಿದರೆ ಖಾಲಿ ಮಾಡಬೇಕು. ಆಮೇಲೆ ಮನೆ ಎಂಬುದು ಮರಳಿ ಸಿಗುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. ಹಾಗಾಗಿ ಗೋಡೆ ಬಿರಿದರೆ ಯಾರೂ ದೊಡ್ಡ ಗಂಟಲಿನಲ್ಲಿ ಹೇಳುವುದಿಲ್ಲ. ಗಣಪತಿ ಕೂರಿಸುವ ಹಬ್ಬಕ್ಕೆ ಮುಂಚೆ ಸುಣ್ಣಬಣ್ಣ ಮಾಡಿಸುವ ರೂಢಿ ಇದೆಯಲ್ಲ, ಆಗ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿಸಿಬಿಡುತ್ತಾರೆ. ಹಬ್ಬದ ಹೆಸರು, ಒಳಗಿನ ಕೆಲಸ ಬೇರೆ. ನಾನು ಹೋದಾಗ ಮೆಟ್ಟಿಲಿನಿಂದ ಹಿಡಿದು ಒಳಗಿನವರೆಗೆ ಎಲ್ಲ ಗೋಡೆಗಳೂ ಹೊಸ ಬಣ್ಣದಲ್ಲಿ ಮಿರಮಿರ ಮಿಂಚುತ್ತಿದ್ದವು. ನೋಡಲು ಏನೂ ಉಳಿದಿರಲಿಲ್ಲ.

ಊಟ ಮುಗಿದು ಭಾವ ಒರಗಿಕೊಂಡ ಮೇಲೆ ಅಕ್ಕ ನನ್ನನ್ನು ಬೆಡ್‌ರೂಮಿಗೆ ಕರೆದಳು.

“ಈ ಬಾಗಿಲು ನೋಡು. ಹೋದ ತಿಂಗಳು ಸರಿ ಇತ್ತು. ಈಗ ಕೆಳಗೆ ಉಜ್ಜುತ್ತದೆ, ಚಿಲಕ ಕೂತ್ಕೊಳ್ಳುದೇ ಇಲ್ಲ. ಇವರ ಹತ್ತಿರ ಹೇಳಿದರೆ ನಗಾಡ್ತಾರೆ. ನೀನು ಓದಿದವಳಲ್ಲ, ಇದು ಎಂತ ಹೇಳು.”

ಬಾಗಿಲನ್ನು ಎರಡು ಸಲ ತೆಗೆದು ಹಾಕಿದೆ. ಕೆಳಗೆ ಟೈಲ್ಸಿನ ಮೇಲೆ ಅರೆಚಂದ್ರದ ಗೀರು ಬಿದ್ದಿತ್ತು. ಚೌಕಟ್ಟು ವಾಲಿದರೆ ಹೀಗಾಗುತ್ತದೆ. ಚೌಕಟ್ಟು ವಾಲುವುದು ಅದನ್ನು ಹಿಡಿದ ಗೋಡೆ ವಾಲಿದರೆ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿದರೂ ಹೀಗೇ ಆಗುತ್ತದೆ, ಊರಿನಲ್ಲಿ ಪ್ರತಿವರ್ಷ ನೋಡಿದ್ದೇನೆ. ಎರಡರಲ್ಲಿ ಯಾವುದೆಂದು ಹೇಳಲು ಒಂದು ತೂಗುಗುಂಡು ಸಾಕಿತ್ತು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೂ ಆಗುತ್ತಿತ್ತು. ನಾನು ಅದನ್ನು ಮಾಡಲಿಲ್ಲ. ಕಾರಣ ಹೇಳುತ್ತೇನೆ. ಮಂಗಳವಾರದಿಂದ, ಏನೋ ಕುಸಿದು ಬಿದ್ದಂತಿದ್ದ ಆ ಗೆರೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಿಂತಿರುವ ಕಟ್ಟಡ ಬಿದ್ದ ಸದ್ದು ಮೊದಲೇ ಕೇಳುತ್ತದೆಂದು ನಂಬುವುದು ನನ್ನಂಥವಳಿಗೆ ನಾಚಿಕೆಗೇಡು. ಈಗ ಕಲ್ಲು ಕಟ್ಟಿ ಇಳಿಬಿಟ್ಟರೆ ಆ ಹುಚ್ಚಿಗೆ ಸೊಪ್ಪು ಹಾಕಿದಂತೆ ಎಂದು ಅನ್ನಿಸಿತು. ಗೆರೆ ಕಾಣದೇ ಇದ್ದಿದ್ದರೆ, ಬರಿಯ ಬಾಗಿಲು ನೋಡಿ, ನಾನು ಖಂಡಿತ ಪರೀಕ್ಷಿಸುತ್ತಿದ್ದೆ. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಅಸಹ್ಯ ಹುಟ್ಟುತ್ತದೆ.

“ಮಳೆಗೆ ಮರ ಉಬ್ಬಿದೆ, ಅಷ್ಟೆ” ಎಂದೆ. “ಬಡಗಿಯನ್ನು ಕರೆಸಿ ಸ್ವಲ್ಪ ಹೆರೆಸು.”

ಅಕ್ಕ ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ಕೇಳಿದಳು, “ಒಂದೆರಡು ವಾರ ನಾವಿಬ್ಬರೂ ನಿನ್ನ ಮನೆಗೆ ಬಂದು ಇರ್ಲಾ? ಬಣ್ಣದ ವಾಸನೆಗೆ ನನಗೆ ತಲೆನೋವು.”

ಬಣ್ಣದ ವಾಸನೆ ನೆಪವೆಂದು ನನಗೆ ತಿಳಿಯಿತು. ಅವಳಿಗೆ ಹೆದರಿಕೆಯಾಗಿತ್ತು, ಹೆದರಿಕೆಯೆಂದು ಹೇಳಲು ನನ್ನ ಮುಂದೆ ಸಂಕೋಚ. ಇಂಥದ್ದಕ್ಕೆಲ್ಲ ನಗುವವಳು ನಾನೇ ಅಲ್ಲವೇ. ಸುಮ್ಮನೆ ‘ಬಾ’ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮನೆಯಲ್ಲಿ ಜಾಗವಿತ್ತು, ಅಕ್ಕ ಬರುವುದೆಂದರೆ ನನಗೆ ಹಬ್ಬವೇ ಆಗಿತ್ತು. ನಾನು ಹೇಳಿದ್ದು, “ಚೌತಿ ಮುಗಿಸಿ ಬಾ ಅಕ್ಕ, ಆರಾಮಾಗಿ ಇರುವಿಯಂತೆ. ಈಗ ಹೆದರಿ ಓಡಿಬರುವಂಥದ್ದು ಏನೂ ಇಲ್ಲ” ಎಂದು.

“ನೀನು ಹೇಳಿದ ಮೇಲೆ ಸರಿ” ಅಂದಳು. ಅವಳ ಮುಖ ನಿಜವಾಗಿಯೂ ಹಗುರಾಯಿತು. ಅದು ನನ್ನನ್ನು ಇವತ್ತಿಗೂ ಬಿಡದ ಮುಖ. ಬುಧವಾರ ಬಡಗಿ ಬಂದು ಹೆರೆದು ಹೋದನೆಂದೂ, ಬಾಗಿಲು ಬೆಣ್ಣೆಯ ಹಾಗೆ ಹಾಕಲು ಬರುತ್ತದೆಂದೂ ಫೋನ್ ಮಾಡಿ ತಿಳಿಸಿದಳು.

ಅದರ ನಂತರದ ಶನಿವಾರ ನನಗೆ ರಜೆ. ನಾಲ್ಕೂಕಾಲಿಗೆ ಭಾವನ ಫೋನು ಬಂತು. “ಬಿಲ್ಡಿಂಗ್ ಬಿತ್ತಂತೆ. ಅವಳು ಫೋನ್ ಎತ್ತುವುದಿಲ್ಲ. ನಾನು ಟ್ರೇನಿನಲ್ಲಿದ್ದೇನೆ, ನೀನು ಹೊರಡು” ಎಂದಷ್ಟೇ ಹೇಳಿದರು. ಐರೋಲಿಯಿಂದ ಥಾಣೆಗೆ ಬಂದು ಕಲ್ಯಾಣ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಏನನ್ನೋ ನೋಡಿ ‘ಅಯ್ಯೋ ಬಾಪ್‌ರೇ’ ಎಂದು ಪಕ್ಕದವಳಿಗೆ ತೋರಿಸುತ್ತಿದ್ದಳು. ಅವಳ ಭುಜದ ಮೇಲಿಂದ ನನಗೂ ಕಂಡಿತು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ದಾಖಲಾದ ದೃಶ್ಯ ಅಷ್ಟರಲ್ಲಾಗಲೇ ಎಲ್ಲರ ಮೊಬೈಲಿಗೆ ಹಂಚಿಹೋಗಿತ್ತು.

ಮಳೆಯಲ್ಲಿ ಬಿಲ್ಡಿಂಗು ನಿಂತಿದೆ. ಮುಂಭಾಗ ಒಮ್ಮೆಗೇ ಕುಕ್ಕರುಗಾಲಲ್ಲಿ ಕೂತ ಹಾಗೆ ಕೂರುತ್ತದೆ. ಹಿಂಭಾಗ ಬೀಳುವುದಿಲ್ಲ, ಕೊಯ್ದ ಹಣ್ಣಿನಂತೆ ಒಳಗಿನ ಕೋಣೆಗಳನ್ನು ತೋರಿಸಿಕೊಂಡು ಹಾಗೇ ನಿಂತಿರುತ್ತದೆ. ಆಮೇಲೆ ಅದೂ ಹೋಗುತ್ತದೆ. ಹುಡುಗಿ ಮತ್ತೆ ಮೊದಲಿನಿಂದ ಹಾಕಿದಳು. ನಾನು ಎಣಿಸಿದೆ. ಬೇಕೆಂದು ಎಣಿಸಲಿಲ್ಲ, ಕೆಲಸದ ಅಭ್ಯಾಸ ತಾನಾಗಿ ಎಣಿಸಿತು. ನಾಲ್ಕು ಸೆಕೆಂಡು. ದೃಶ್ಯದ ಮೂಲೆಯಲ್ಲಿ ಸಮಯ ಓಡುತ್ತಿತ್ತು. ಮುಂಭಾಗ ಕುಸಿಯಲು ಶುರುವಾದಾಗ ಅದು ಮೂರು ನಲವತ್ತೆರಡು. ಸೆಕೆಂಡಿನ ಜಾಗದಲ್ಲಿ ಹದಿನೇಳು. ಅಕ್ಕನ ಮನೆ ಹಿಂಭಾಗದಲ್ಲಿತ್ತು ಎಂದು ಹೇಳಿದ್ದೇನೆ. ಆ ನಾಲ್ಕು ಸೆಕೆಂಡು ಅವಳು ಅಲ್ಲಿದ್ದಳು.

ಅವಳನ್ನು ಹೊರತೆಗೆದದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ. ಅಲ್ಲಿಯವರೆಗೆ ಭಾವ ರಸ್ತೆ ನಡುವಿನ ಡಿವೈಡರ್ ಮೇಲೆ, ಹೋಟೆಲಿನ ಬಿಳಿ ಅಂಗಿಯಲ್ಲಿ ಹಾಗೇ ಕೂತಿದ್ದರು. ಯಾರು ಏನು ಕೊಟ್ಟರೂ ಕುಡಿಯಲಿಲ್ಲ. ಆ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ಹದಿಮೂರನೆಯ ದಿನ ಕಳೆದು ಆಫೀಸಿಗೆ ಹೋದವಳು ಮೊದಲು ಶನಿವಾರದ ದಾಖಲೆಯನ್ನು ತೆರೆದೆ. ಮೂರು ನಲವತ್ತೆರಡರ ಸುತ್ತ ಮೂರು ಯಂತ್ರಗಳಲ್ಲೂ ಮಳೆ ಮತ್ತು ಟ್ರೇನು ಬಿಟ್ಟು ಇನ್ನೇನೂ ಇರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಒಂದು ನಾಲ್ಕು ಮಾಳಿಗೆಯ ಕಟ್ಟಡ ಬಿದ್ದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆಗೆ, ಅದೂ ಈ ಗದ್ದಲದಲ್ಲಿ, ತಿಳಿಯುವಷ್ಟು ಶಕ್ತಿ ಅದರಲ್ಲಿರುವುದಿಲ್ಲ. ತಿಳಿಯಬಾರದಿತ್ತು, ತಿಳಿಯಲಿಲ್ಲ. ಆದರೆ ಹನ್ನೊಂದು ದಿನ ಮೊದಲಿನ ದಾಖಲೆಯಲ್ಲಿ ಅದು ಇದೆ. ಕೆಳಗೆ, ಕೆಳಗೆ, ಕೆಳಗೆ. ನಾಲ್ಕು ಸೆಕೆಂಡು ಬಿಟ್ಟು ಮತ್ತೆ.

ನಾನು ಸುಮ್ಮನೆ ಕೂತವಳಲ್ಲ. ಯಂತ್ರಗಳ ಗಡಿಯಾರ ತಪ್ಪಿ ತಾರೀಕು ಹಿಂದುಮುಂದಾಗಿರಬಹುದೇ ಎಂದು ನೋಡಿದೆ. ಅವು ಉಪಗ್ರಹದಿಂದ ಸಮಯ ಪಡೆಯುತ್ತವೆ, ಆ ತಿಂಗಳು ಒಮ್ಮೆಯೂ ತಪ್ಪಿಲ್ಲ. ತಪ್ಪಿದ್ದರೂ ಏನು, ಮಂಗಳವಾರವೇ ನಾನು ಕಣ್ಣಾರೆ ನೋಡಿ ಅಕ್ಕನಿಗೆ ಫೋನ್ ಮಾಡಿದ್ದೇನಲ್ಲ, ಆ ಕರೆ ನನ್ನ ಮೊಬೈಲಿನಲ್ಲಿ ಇತ್ತು. ತಂತಿ ತಿರುವುಮುರುವಾಗಿ ಮೇಲಿನದು ಕೆಳಗೆ ಕಂಡಿರಬಹುದೇ ಎಂದು ನೋಡಿದೆ. ಅದೇ ವಾರ ದೂರದ ದೇಶದ ಒಂದು ದೊಡ್ಡ ಭೂಕಂಪ ನಮ್ಮಲ್ಲಿ ದಾಖಲಾಗಿತ್ತು. ಬೇರೆಯವರ ಯಂತ್ರಗಳಲ್ಲಿ ಹೇಗಿತ್ತೋ ನಮ್ಮಲ್ಲೂ ಹಾಗೇ ಇತ್ತು. ತಂತಿ ಸರಿಯಿತ್ತು. ಆ ಮಂಗಳವಾರ ಕ್ವಾರಿಯಲ್ಲಿ ಸಿಡಿಸಿದ್ದರೇ ಎಂದು ವಿಚಾರಿಸಿದೆ. ನೀರು ತುಂಬಿ ಕೆಲಸ ನಿಂತು ತಿಂಗಳಾಯಿತೆಂದರು.

ನನ್ನ ವಾದಕ್ಕೆ ವಿರುದ್ಧವಾದದ್ದನ್ನೂ ಮುಚ್ಚಿಡುವುದಿಲ್ಲ. ಅಂಗಡಿಯ ಕ್ಯಾಮೆರಾಗಳ ಗಡಿಯಾರವನ್ನು ನಂಬುವ ಹಾಗಿಲ್ಲ, ಐದು ಹತ್ತು ನಿಮಿಷ ಹಿಂದೆ ಮುಂದೆ ಇರುತ್ತವೆ. ನನ್ನ ವೃತ್ತದ ಎರಡು ಕಿಲೋಮೀಟರಿನೊಳಗೆ ಅರ್ಧ ಡೊಂಬಿವಲಿಯೇ ಇದೆ. ಎರಡು ಕುಸಿತಗಳ ನಡುವೆ ನಾಲ್ಕು ಸೆಕೆಂಡು ಎಂಬುದು ಕಾಕತಾಳೀಯ ಇರಬಹುದು. ಬೇರೆ ಯಾರಾದರೂ ಇದನ್ನು ನನ್ನ ಮುಂದೆ ತಂದಿಟ್ಟಿದ್ದರೆ ಹೀಗೆ ಒಂದೊಂದಾಗಿ ಕಿತ್ತು ಕೈಗೆ ಕೊಡುತ್ತಿದ್ದೆ. ನನಗೆ ನಾನೇ ಕೊಟ್ಟುಕೊಂಡೂ ನೋಡಿದ್ದೇನೆ. ಆ ಸಮಾಧಾನ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಕೊನೆಗೆ ಕುಲಕರ್ಣಿ ಸರ್ ಅವರನ್ನು ಕೂರಿಸಿ ಗೆರೆಯನ್ನೂ ಆ ದೃಶ್ಯವನ್ನೂ ಒಂದರ ಕೆಳಗೆ ಒಂದಿಟ್ಟು ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ನೋಡಿದರು. ಆಮೇಲೆ ಎದ್ದು ನಿಂತು ಮರಾಠಿಯಲ್ಲಿ, “ಹೇ ಕೋಣಾಲಾ ಸಾಂಗೂ ನಕೋಸ್” ಎಂದರು. ಇದನ್ನು ಯಾರಿಗೂ ಹೇಳಬೇಡ ಎಂದು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಆ ಪಟ್ಟಿಯಲ್ಲಿ ಆ ಕಂಪನದ ಎದುರು ಈಗಲೂ ‘ಬಿ’ ಎಂದೇ ಇದೆ. ತಿದ್ದುವುದಾದರೆ ಅಲ್ಲಿ ಏನೆಂದು ಬರೆಯಬೇಕು ಎಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲ.

ಭಾವ ಒಂದೂವರೆ ವರ್ಷ ಹೋಟೆಲಿನ ಮೇಲಿನ ಕೆಲಸಗಾರರ ರೂಮಿನಲ್ಲಿ ಇದ್ದರು. ನನ್ನ ಮನೆಗೆ ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ. ಆಮೇಲೆ ಒಂದು ದಿನ ಫೋನ್ ಮಾಡಿ, ಶಹಾಡ್ ಸ್ಟೇಷನ್ನಿನ ಹತ್ತಿರ ಬಾಡಿಗೆಗೆ ಒಂದು ಮನೆ ನೋಡಿದ್ದೇನೆ, ನೀನು ಬಂದು ಒಮ್ಮೆ ನೋಡು ಎಂದರು. ಹೋದೆ. ಒಂದು ರೂಮು, ಒಂದು ಅಡುಗೆಮನೆ, ಮೊದಲನೇ ಮಾಳಿಗೆ. ಬೀಗದ ಕೈ ಹಿಡಿದ ಏಜೆಂಟ್ ಹೊರಗೆ ನಿಂತಿದ್ದ. ನಾನು ಕಂಬಗಳನ್ನು ನೋಡಿದೆ, ತೊಲೆಗಳನ್ನು ನೋಡಿದೆ, ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಹಾಕಿದೆ. ಚೀಲದಲ್ಲಿ ತಂದಿದ್ದ ತೂಗುಗುಂಡನ್ನು ಎಲ್ಲ ಗೋಡೆಗೂ ಇಳಿಬಿಟ್ಟೆ. ಎಲ್ಲವೂ ನೆಟ್ಟಗಿತ್ತು. ಭಾವ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದರು.

“ಹೇಗುಂಟು? ನೀನು ಹೂಂ ಅಂದರೆ ಅಡ್ವಾನ್ಸ್ ಕೊಟ್ಟುಬಿಡ್ತೇನೆ” ಎಂದರು.

ಹೂಂ ಎನ್ನಲು ಬಾಯಿ ಬರಲಿಲ್ಲ. “ನನಗೆ ಗೊತ್ತಿಲ್ಲ ಭಾವ. ನೋಡಿದರೆ ಸರಿ ಇದೆ. ಆದರೆ ನನಗೆ ಗೊತ್ತಿಲ್ಲ” ಎಂದೆ.

ಭಾವ ತಲೆಯಾಡಿಸಿದರು. ಕಿಟಕಿಯ ಸರಳನ್ನು ಹಿಡಿದು ಹೊರಗೆ ನೋಡುತ್ತಾ, ಹೋಟೆಲಿನಲ್ಲಿ ಗಿರಾಕಿಯ ಜೊತೆ ಮಾತಾಡುವಷ್ಟೇ ಮೆಲ್ಲಗೆ ಹೇಳಿದರು: “ಅವತ್ತು ಅವಳ ಹತ್ತಿರವೂ ಹೀಗೇ ಹೇಳಿದ್ದರೆ, ಅವಳು ಸಂಜೆಯೇ ನಿನ್ನ ಜೊತೆ ಹೊರಟುಬಿಡ್ತಿದ್ದಳು. ಬಟ್ಟೆ ಎಲ್ಲ ಮಡಚಿ ಚೀಲದಲ್ಲಿ ಇಟ್ಟಿದ್ದಳು.”

ನನಗದು ಗೊತ್ತಿರಲಿಲ್ಲ. ಅವರು ಆ ಮನೆಯನ್ನು ಬಾಡಿಗೆಗೆ ಹಿಡಿದರು, ಈಗಲೂ ಅಲ್ಲೇ ಇದ್ದಾರೆ. ಬಾಗಿಲು ನೋಡಿ ನಾನು ಆಡಿದ ಮಾತನ್ನು ಅಕ್ಕ ಅವರಿಗೆ ಹೇಳಿದ್ದಳು. ಗೆರೆಯ ಮಾತನ್ನು ನಾನು ಇಷ್ಟು ವರ್ಷವಾದರೂ ಹೇಳಿಲ್ಲ. ಭಾವ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕನ್ನಡದಲ್ಲಿ ಏನು ಸಿಕ್ಕರೂ ಮೊದಲಿನಿಂದ ಕೊನೆಯವರೆಗೆ ಓದುವವರು. ಇದನ್ನೂ ಓದುತ್ತಾರೆ. ಆ ಮಂಗಳವಾರ ನಾನು ನೋಡಿದ್ದು ಏನು ಎಂದು ಅವರು ಕೇಳಿದರೆ ಹೇಳಲು ನನಗೆ ಬರುವುದಿಲ್ಲ, ಈ ಜನ್ಮದಲ್ಲಿ ಬರುತ್ತದೆಂದೂ ಅನ್ನಿಸುವುದಿಲ್ಲ. ಆದರೆ ಅವರು ಅದನ್ನು ಕೇಳುವುದಿಲ್ಲ. ಅದನ್ನು ನೋಡಿದ ಮೇಲೂ, ಅಕ್ಕ ಬರ್ಲಾ ಎಂದಾಗ ಯಾಕೆ ಬೇಡವೆಂದೆ ಎಂದು ಕೇಳುತ್ತಾರೆ.